ವರ್ಗಾವಣೆ ಆರ್ಡರ್ ಬಂತಾ? ಕೆಲಸ ಕಳೆದುಕೊಳ್ಳದೆ ತಕರಾರು ಮಾಡುವುದು ಹೇಗೆ

ನನ್ನ ಹತ್ತಿರ ಕಾಗದಪತ್ರ ಹಿಡಿದುಕೊಂಡು ಬರುವವರ ಕತೆ ಹೆಚ್ಚುಕಮ್ಮಿ ಒಂದೇ. ಶಿವಮೊಗ್ಗದ ಸುತ್ತಮುತ್ತ ಯಾವುದೋ ಕಾರ್ಖಾನೆಯಲ್ಲೋ ಗೋಡೌನಿನಲ್ಲೋ ಎಂಟು-ಹತ್ತು ವರ್ಷದ ಕೆಲಸ. ಒಂದು ದಿನ ಹೊಸೂರಿಗೋ ಪುಣೆಗೋ ವರ್ಗಾವಣೆ ಆರ್ಡರ್ ಬರುತ್ತದೆ. ಮ್ಯಾನೇಜರ್ ಮುಂದೆ ‘ನಾನು ಹೋಗಲ್ಲ ಸಾರ್’ ಅಂದು ಮನೆಗೆ ಬರುತ್ತಾರೆ. ಮೂರ್ನಾಲ್ಕು ತಿಂಗಳಿಗೆ ವಜಾ.

ವಜಾ ಮಾಡಿದ ಕಾಗದ ಓದಿ ನೋಡಿ. ವರ್ಗಾವಣೆ ಸರಿಯೋ ತಪ್ಪೋ ಎಂಬ ಮಾತೇ ಅದರಲ್ಲಿ ಇರುವುದಿಲ್ಲ. ಇರುವುದು ಎರಡು ಆರೋಪ. ಮೇಲಿನವರ ಆದೇಶ ಪಾಲಿಸಲಿಲ್ಲ, ಅನುಮತಿ ಇಲ್ಲದೆ ಗೈರುಹಾಜರಾದರು. ವರ್ಗಾವಣೆಯ ಜಗಳ ಅಂದುಕೊಂಡು ಇವರು ಮನೆಯಲ್ಲಿ ಕೂತಿರುತ್ತಾರೆ. ಅಲ್ಲಿ ಫೈಲು ತಯಾರಾಗುತ್ತಿರುವುದು ಗೈರುಹಾಜರಿಯದ್ದು.

ನಾನು ವಕೀಲ ಅಲ್ಲ. ಇಪ್ಪತ್ತು ವರ್ಷ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೆ. ಇಂಥ ಕಾಗದಗಳನ್ನು ಆ ಕಡೆ ಕೂತು ಟೈಪ್ ಮಾಡಿದವನೇ ನಾನು. ಹಾಗಾಗಿ ಫೈಲು ಹೇಗೆ ಕಟ್ಟುತ್ತಾರೆ ಅಂತ ಗೊತ್ತು. ಇಲ್ಲಿ ಬರೆದಿರುವುದು ಖಾಸಗಿ ಸಂಸ್ಥೆಯಲ್ಲಿ ಇರುವವರಿಗೆ. ಸರ್ಕಾರಿ ನೌಕರರ ನಿಯಮ ಬೇರೆ, ಅವರು ಹೋಗಬೇಕಾದ ಜಾಗವೂ ಬೇರೆ.

## ಶುರು ಮಾಡುವ ಮೊದಲು ಏನೇನು ಬೇಕು

ಒಂದು ಫೈಲು, ಒಂದು ನೋಟ್‌ಬುಕ್. ನೇಮಕಾತಿ ಪತ್ರ, ಕನ್ಫರ್ಮೇಶನ್ ಪತ್ರ, ಹಿಂದೆ ವರ್ಗಾವಣೆ ಆಗಿದ್ದರೆ ಅದರ ಆರ್ಡರ್, ಕಳೆದ ಹನ್ನೆರಡು ತಿಂಗಳ ಪೇ ಸ್ಲಿಪ್, ಪಿಎಫ್ ಪಾಸ್‌ಬುಕ್ಕಿನ ಪ್ರತಿ, ರಜೆ ಎಷ್ಟು ಉಳಿದಿದೆ ಎಂಬ ಲೆಕ್ಕ. ಸಂಸ್ಥೆಯಲ್ಲಿ ಸ್ಟ್ಯಾಂಡಿಂಗ್ ಆರ್ಡರ್ (ರಜೆ, ಹಾಜರಿ, ಶಿಸ್ತಿನ ಲಿಖಿತ ನಿಯಮಗಳು) ಇದ್ದರೆ ಅದರ ಪ್ರತಿ. ಅದನ್ನು ನೋಟಿಸ್ ಬೋರ್ಡಿನ ಹತ್ತಿರ ಹಾಕಿರುತ್ತಾರೆ, ಯಾರೂ ಓದಿರುವುದಿಲ್ಲ. ಫೋಟೋ ಹೊಡೆದುಕೊಳ್ಳಿ.

ಇದನ್ನೆಲ್ಲ ಆರ್ಡರ್ ಬಂದ ದಿನವೇ ಒಟ್ಟು ಮಾಡಿ. ರಿಲೀವ್ ಆದ ಮರುದಿನ ಆಫೀಸ್ ಮೇಲ್ ಬಂದ್ ಆಗಿರುತ್ತದೆ, ಪೇ ಸ್ಲಿಪ್ ಬರುವ ಆ್ಯಪ್ ತೆರೆಯುವುದಿಲ್ಲ, ಗೇಟಿನಲ್ಲಿ ಬೆರಳಚ್ಚು ಹಿಡಿಯುವುದಿಲ್ಲ. ಮೇಸ್ತ್ರಿಯೋ ಎಚ್‌ಆರ್‌ನವರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮಾತುಗಳಿದ್ದರೆ ಸ್ಕ್ರೀನ್‌ಶಾಟ್ ಮಾತ್ರ ಸಾಲದು. ಆ ಫೋನನ್ನೇ ಇಟ್ಟುಕೊಳ್ಳಿ, ಎಕ್ಸ್‌ಚೇಂಜ್‌ಗೆ ಕೊಡಬೇಡಿ.

## ಹಂತ 1: ಆರ್ಡರ್ ಕೈಗೆ ತೆಗೆದುಕೊಳ್ಳಿ

ಜಾಸ್ತಿ ಜನ ಮುಗ್ಗರಿಸುವುದು ಇಲ್ಲೇ. ಕಾಗದ ತೆಗೆದುಕೊಳ್ಳದಿದ್ದರೆ ವರ್ಗಾವಣೆ ಆಗಿಲ್ಲ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿ ಇದೆ.

ಕೋಣಂದೂರು ಕಡೆಯ ಒಬ್ಬ ಹುಡುಗನ ಫೈಲು ನೋಡಿದೆ. ಒಂಬತ್ತು ವರ್ಷ ಫಿಟ್ಟರ್ ಆಗಿದ್ದವನು, ಒಂದು ಮೆಮೋ ಕೂಡ ಪಡೆದವನಲ್ಲ. ಅಡಿಕೆ ಕೊಯ್ಲಿನ ಸಮಯದಲ್ಲಿ ಆರ್ಡರ್ ಆಯಿತು, ಊರಿಗೆ ಬಂದು ಕೂತ. ಫೈಲಿನಲ್ಲಿ ಮೂರು ಕಂದು ಕವರ್ ಇದ್ದವು. ಒಂದನ್ನೂ ಒಡೆದಿರಲಿಲ್ಲ. ಮೂರರ ಮೇಲೂ ನೀಲಿ ಪೆನ್ನಿನಲ್ಲಿ ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ, ವಾಪಸ್’ ಎಂಬ ಬರಹ, ಪೋಸ್ಟ್‌ಮ್ಯಾನ್ ಸಹಿ, ದಿನಾಂಕ. ಅವನ ತಾಯಿ ಜಗಲಿಯಲ್ಲೇ ನಿಂತು ‘ಅವ್ನು ತೋಟಕ್ಕೆ ಹೋಗಿದಾನೆ, ನೀವೇ ವಾಪಸ್ ಕಳ್ಸಿ ಮಾರಾಯ್ರೆ’ ಅಂದಿದ್ದರಂತೆ. ಮಗನೇ ಹೇಳಿಕೊಟ್ಟ ಮಾತು. ಆಮೇಲೆ ಕಂಪನಿ ನಡೆಸಿದ ವಿಚಾರಣೆಯಲ್ಲಿ ಆ ಮೂರು ಕವರ್‌ಗಳೇ ಅವನ ಮೇಲಿನ ದೊಡ್ಡ ಸಾಕ್ಷಿ ಆದವು.

ಸರಿಯಾದ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳಿಸಿದ ಕಾಗದವನ್ನು ಬೇಡ ಅಂದರೆ ಅದು ತಲುಪಿದ ಲೆಕ್ಕವೇ. ಒಳಗೆ ಏನಿದೆ ಅಂತ ಗೊತ್ತಾಗುವ ಅವಕಾಶ ಮಾತ್ರ ನಿಮಗೆ ತಪ್ಪುತ್ತದೆ.

ಹೀಗೆ ಮಾಡಿ. ಆರ್ಡರ್ ತೆಗೆದುಕೊಳ್ಳಿ. ಅವರ ಪ್ರತಿಯ ಮೇಲೆ ಸಹಿ ಹಾಕುವಾಗ ಸಹಿಯ ಕೆಳಗೆ ‘ಪ್ರತಿ ತಲುಪಿದೆ’ ಎಂದು ಬರೆದು ದಿನಾಂಕ, ಸಮಯ ಹಾಕಿ. ‘ಒಪ್ಪಿದ್ದೇನೆ’ ಎಂದು ಮೊದಲೇ ಅಚ್ಚು ಮಾಡಿದ್ದರೆ ಅದರ ಪಕ್ಕದಲ್ಲಿ ‘ತಕರಾರು ಉಳಿಸಿಕೊಂಡು ಪ್ರತಿ ಪಡೆದಿದ್ದೇನೆ’ ಎಂದು ಸೇರಿಸಿ. ಜಗಳ ಬೇಡ, ಕಾಗದ ಹರಿಯುವುದೂ ಬೇಡ. ಹರಿದರೆ ಅದೇ ಮೂರನೇ ಆರೋಪ.

## ಹಂತ 2: ನೇಮಕಾತಿ ಪತ್ರವನ್ನು ಆರ್ಡರ್ ಪಕ್ಕದಲ್ಲಿಟ್ಟು ಓದಿ

ಈಗ ಮನೆಯಲ್ಲಿ ಕೂತು ಎರಡೂ ಕಾಗದ ಪಕ್ಕಪಕ್ಕ ಇಡಿ. ನೋಡಬೇಕಾದ್ದು ಇವು.

ವರ್ಗಾವಣೆ ಕಲಂ ಇದೆಯಾ? ‘ಸಂಸ್ಥೆಯ ಯಾವುದೇ ಶಾಖೆಗೆ, ಯಾವುದೇ ವಿಭಾಗಕ್ಕೆ, ದೇಶದ ಯಾವುದೇ ಜಾಗಕ್ಕೆ’ ಎಂಬ ಸಾಲು ಇದ್ದರೆ ಆರ್ಡರ್ ಮಾಡುವ ಅಧಿಕಾರ ಅವರಿಗಿದೆ ಅಂತಲೇ ಇಟ್ಟುಕೊಳ್ಳಿ. ಕಲಂ ಇಲ್ಲ ಅಂದಾಕ್ಷಣ ಗೆದ್ದೆವು ಅಂತಲೂ ಅಲ್ಲ. ಬೇಡ ಎನ್ನುವ ಷರತ್ತು ಒಪ್ಪಂದದಲ್ಲಿ ಇಲ್ಲದಿದ್ದರೆ, ಅದೇ ಸಂಸ್ಥೆಯೊಳಗಿನ ವರ್ಗಾವಣೆ ನೌಕರಿಯ ಸಹಜ ಭಾಗ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಹೋಗಬೇಕಾದ ಜಾಗ ಯಾರದ್ದು? ಇದನ್ನು ಬಹಳ ಜನ ನೋಡುವುದೇ ಇಲ್ಲ. ಪೇ ಸ್ಲಿಪ್ ಮೇಲಿನ ಹೆಸರು, ಆರ್ಡರ್ ಮೇಲಿನ ಹೆಸರು, ಹೊಸ ಘಟಕದ ಹೆಸರು, ಮೂರೂ ಒಂದೇನಾ? ಮಾಲೀಕ ಒಬ್ಬನೇ ಇದ್ದರೂ ಕಂಪನಿ ಬೇರೆ ಇರಬಹುದು. ಆಗ ಅದು ವರ್ಗಾವಣೆ ಅಲ್ಲ, ಮಾಲೀಕನನ್ನೇ ಬದಲಾಯಿಸಿದ ಹಾಗೆ. ನಿಮ್ಮ ಒಪ್ಪಿಗೆ ಬೇಕು.

ಹೊಸದಾಗಿ ಶುರು ಮಾಡಿದ ಘಟಕವಾದರೆ 1960ರ ಕುಂದನ್ ಸಕ್ಕರೆ ಕಾರ್ಖಾನೆ ಕೇಸು ನೆನಪಿಡಿ. ಉತ್ತರ ಪ್ರದೇಶದ ಒಂದು ಕಾರ್ಖಾನೆಯವರು ಬೇರೆ ಊರಿನಲ್ಲಿ ಹೊಸ ಕಾರ್ಖಾನೆ ಹಾಕಿ, ಹಳೆಯ ನಾಲ್ವರು ಕೆಲಸಗಾರರನ್ನು ಅಲ್ಲಿಗೆ ಹೋಗಲು ಹೇಳಿದರು. ಅವರು ಒಪ್ಪಲಿಲ್ಲ, ವಜಾ ಆದರು. ಅವರು ಸೇರುವಾಗ ಇಲ್ಲದೇ ಇದ್ದ ಕಾರ್ಖಾನೆಗೆ ಕಳಿಸುವ ಹಕ್ಕು ಒಪ್ಪಂದದಲ್ಲಿ ಇರಲಿಲ್ಲ, ತಾನಾಗಿ ಹುಟ್ಟುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಕೆಲಸಗಾರರ ಪರ ನಿಂತಿತು. ನಿಮ್ಮದು ಈ ಥರದ್ದಾದರೆ ನಿಮ್ಮ ಕೈ ಗಟ್ಟಿ ಇದೆ.

ಸಂಬಳ, ದರ್ಜೆ, ಸೇವೆಯ ಮುಂದುವರಿಕೆ ಕಡಿಮೆ ಆಗುತ್ತದಾ? ಆರ್ಡರಿನಲ್ಲಿ ‘ಹೊಸ ನೇಮಕಾತಿ’, ‘ಹೊಸ ಷರತ್ತುಗಳಿಗೆ ಒಳಪಟ್ಟು’ ಎಂಬ ಮಾತಿದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಒಂಬತ್ತು ವರ್ಷದ ಸೇವೆ ಅಲ್ಲಿಗೆ ಸೊನ್ನೆಯಿಂದ ಶುರು ಆಗಬಹುದು.

ಆರ್ಡರ್ ಬಂದ ಹೊತ್ತು ಯಾವುದು? ಯೂನಿಯನ್ ಕಟ್ಟಿದ ವಾರ, ಓಟಿ ಹಣ ಕೇಳಿದ ತಿಂಗಳು, ದೂರು ಕೊಟ್ಟ ಮರುದಿನ ಅಂತಾದರೆ ಬರೆದಿಡಿ. ಆಡಳಿತದ ನೀತಿ ಎಂಬ ಮುಖವಾಡ ಹಾಕಿ ದುರುದ್ದೇಶದಿಂದ ಕಾರ್ಮಿಕನನ್ನು ಎತ್ತಂಗಡಿ ಮಾಡುವುದು ಅನುಚಿತ ಕಾರ್ಮಿಕ ಪದ್ಧತಿ ಎಂದು ಕಾನೂನಿನ ಪಟ್ಟಿಯಲ್ಲೇ ಇದೆ. ಆದರೆ ಸುಮ್ನೆ ‘ಸೇಡಿನ ವರ್ಗಾವಣೆ’ ಅಂದರೆ ನಡೆಯುವುದಿಲ್ಲ. ಯಾರು, ಯಾವತ್ತು, ಏನು ಹೇಳಿದರು, ನಿಮ್ಮ ಜಾಗಕ್ಕೆ ಯಾರನ್ನು ತಂದರು, ನಿಮಗಿಂತ ಕಿರಿಯರು ಯಾಕೆ ಇಲ್ಲೇ ಉಳಿದರು, ಇಷ್ಟೂ ಬೇಕು.

ಇನ್ನು ಮನೆಯ ಕಷ್ಟಗಳು. ಅಪ್ಪ-ಅಮ್ಮನಿಗೆ ವಯಸ್ಸಾಗಿದೆ, ಮಕ್ಕಳ ಶಾಲೆ ಮಧ್ಯದಲ್ಲಿದೆ, ತೋಟ ನೋಡುವವರಿಲ್ಲ. ಎಲ್ಲ ನಿಜ. ಆದರೆ ಇವು ಸಮಯ ಕೇಳಲು ಕಾರಣ ಆಗುತ್ತವೆ, ಆದೇಶ ಮೀರಲು ಕಾರಣ ಆಗುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಸೋತವರೇ ಜಾಸ್ತಿ.

## ಹಂತ 3: ಕಾನೂನಿನ ಲೆಕ್ಕದಲ್ಲಿ ನೀವು ಯಾರು ನೋಡಿಕೊಳ್ಳಿ

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಗೆ ಬಂದಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗದಲ್ಲಿ ಈಗ ಇದು. ಇದರ ರಕ್ಷಣೆ ಸಿಗುವುದು ‘ಕಾರ್ಮಿಕ’ರಿಗೆ. ಕೈಕೆಲಸ, ತಾಂತ್ರಿಕ ಕೆಲಸ, ಗುಮಾಸ್ತಿಕೆ ಎಲ್ಲ ಇದರಲ್ಲಿ ಬರುತ್ತದೆ. ಮ್ಯಾನೇಜರ್ ಮಟ್ಟದವರು ಬರುವುದಿಲ್ಲ. ಸೂಪರ್‌ವೈಸರ್ ಆಗಿದ್ದು ತಿಂಗಳಿಗೆ ₹18,000ಕ್ಕಿಂತ ಹೆಚ್ಚು ಸಂಬಳ ಇದ್ದರೆ ಅವರೂ ಹೊರಗೆ.

ಹುದ್ದೆಯ ಹೆಸರು ನೋಡಿ ಹೆದರಬೇಡಿ. ‘ಅಸಿಸ್ಟೆಂಟ್ ಮ್ಯಾನೇಜರ್’ ಎಂದು ಕಾರ್ಡಿನಲ್ಲಿ ಹಾಕಿ ದಿನವಿಡೀ ಮಷಿನ್ ಮುಂದೆ ನಿಲ್ಲಿಸುವವರು ಇದ್ದಾರೆ. ನೋಡುವುದು ನೀವು ನಿಜವಾಗಿ ಮಾಡುವ ಕೆಲಸ. ಯಾರ ರಜೆಗೆ ನೀವು ಸಹಿ ಹಾಕುತ್ತಿದ್ದಿರಿ? ಯಾರಿಗೂ ಇಲ್ಲವಾದರೆ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಇನ್ನೊಂದು ಸೂಕ್ಷ್ಮ. ವಜಾ ಆದಾಗ ಒಬ್ಬರೇ ಹೋಗಿ ವಿವಾದ ಎತ್ತಬಹುದು. ಬರೀ ವರ್ಗಾವಣೆಯ ಮೇಲೆ ಒಬ್ಬರೇ ಎತ್ತಲು ಆಗುವುದಿಲ್ಲ, ಯೂನಿಯನ್ನೋ ಜೊತೆಯ ಕೆಲಸಗಾರರ ಗುಂಪೋ ಬೆನ್ನಿಗೆ ನಿಲ್ಲಬೇಕು. ಯೂನಿಯನ್ ಇದ್ದರೆ ಆರ್ಡರ್ ಬಂದ ದಿನವೇ ಅವರಿಗೆ ಬರವಣಿಗೆಯಲ್ಲಿ ಕೊಡಿ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ಇದ್ದರೆ ಅಲ್ಲಿಗೂ ಒಂದು ಪ್ರತಿ.

ಸಿವಿಲ್ ಕೋರ್ಟಿನಲ್ಲಿ ಸ್ಟೇ ತರುತ್ತೇನೆ ಅನ್ನುವವರು ಒಂದು ವಿಷಯ ಕೇಳಿ. ಶಿವಮೊಗ್ಗದ್ದೇ ಒಂದು ಖಾಸಗಿ ಕಂಪನಿಯ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ 2004ರಲ್ಲಿ ತೀರ್ಮಾನ ಆಯಿತು. ವರ್ಗಾವಣೆ ರದ್ದು ಮಾಡಿ, ವಿಚಾರಣೆ ನಡೆಸದಂತೆ ತಡೆಯಿರಿ ಎಂದು ಉದ್ಯೋಗಿ ದಾವೆ ಹಾಕಿದ್ದರು. ಖಾಸಗಿ ನೌಕರಿಯ ಒಪ್ಪಂದವನ್ನು ಹೀಗೆ ದಾವೆ ಹಾಕಿ ಬಲವಂತವಾಗಿ ಜಾರಿ ಮಾಡಿಸಲು ಆಗುವುದಿಲ್ಲ ಎಂದು ದಾವೆಯನ್ನೇ ತಳ್ಳಿದರು. ಆ ದಾರಿಗೆ ಹಣ ಸುರಿಯುವ ಮೊದಲು ವಕೀಲರ ಹತ್ತಿರ ಈ ತೀರ್ಪಿನ ಬಗ್ಗೆ ನೇರವಾಗಿ ಕೇಳಿ.

## ಹಂತ 4: ಮನವಿ ಬರೆಯಿರಿ, ಅದೂ ಸೇರುವ ದಿನಕ್ಕೆ ಮುಂಚೆ

ಇಡೀ ಕೆಲಸದಲ್ಲಿ ಬಹಳ ಮುಖ್ಯವಾದ ಕಾಗದ ಇದು. ಎರಡು ಪುಟ ದಾಟಬಾರದು. ಸಿಟ್ಟು ಇರಬಾರದು. ‘ಹೋಗುವುದಿಲ್ಲ’ ಎಂಬ ಪದ ಎಲ್ಲೂ ಬರಬಾರದು. ನಾನು ಟೈಮ್ ಆಫೀಸಿನಲ್ಲಿದ್ದಾಗ ನಮ್ಮ ಅಧಿಕಾರಿ ಕೆಲಸಗಾರರ ಉತ್ತರದಲ್ಲಿ ಮೊದಲು ಹುಡುಕುತ್ತಿದ್ದದ್ದೇ ಆ ಪದವನ್ನು. ಸಿಕ್ಕರೆ ಅದರ ಕೆಳಗೆ ಗೆರೆ ಎಳೆದು ಫೈಲಿಗೆ ಹಾಕುತ್ತಿದ್ದರು.

ಹೀಗೆ ಬರೆಯಬಹುದು:

‘ನನ್ನ ವರ್ಗಾವಣೆ ಆದೇಶ ಇಂಥ ದಿನ ನನ್ನ ಕೈಗೆ ತಲುಪಿದೆ. ನಾನು ಕೆಲಸ ಮಾಡಲು ಸಿದ್ಧನಿದ್ದೇನೆ. ಕೆಲಸ ಬಿಡುವ ಉದ್ದೇಶ ನನಗಿಲ್ಲ. ನನ್ನ ನೇಮಕಾತಿ ಪತ್ರದಲ್ಲಿ ಕೆಲಸದ ಜಾಗ ಶಿವಮೊಗ್ಗ ಎಂದಿದೆ. ನನ್ನ ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿದೆ, ದಾಖಲೆ ಲಗತ್ತಿಸಿದ್ದೇನೆ. ಆದ್ದರಿಂದ ಆದೇಶವನ್ನು ಮರುಪರಿಶೀಲಿಸಬೇಕು. ಸಾಧ್ಯವಿಲ್ಲದಿದ್ದರೆ ಸೇರಲು ಇಂಥ ದಿನದವರೆಗೆ ಸಮಯ ಕೊಡಬೇಕು. ಅಲ್ಲಿಯವರೆಗೆ ನನ್ನ ಖಾತೆಯಲ್ಲಿರುವ ಹನ್ನೆರಡು ದಿನದ ರಜೆ ಮಂಜೂರು ಮಾಡಬೇಕು. ಹೊಸ ಜಾಗದಲ್ಲಿ ನನ್ನ ಸಂಬಳ, ದರ್ಜೆ, ಸೇವೆಯ ಮುಂದುವರಿಕೆ, ಪ್ರಯಾಣದ ಖರ್ಚು, ಉಳಿಯುವ ವ್ಯವಸ್ಥೆ ಏನು ಎಂದು ಬರವಣಿಗೆಯಲ್ಲಿ ತಿಳಿಸಬೇಕು.’

ಕೊನೆಯ ವಾಕ್ಯ ಬಿಡಬೇಡಿ. ಉತ್ತರ ಬಂದರೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಲು ನಿಮಗೆ ಆಧಾರ ಸಿಗುತ್ತದೆ. ಬರದಿದ್ದರೆ ವಿಚಾರಣೆಯಲ್ಲಿ ಅವರನ್ನೇ ಕೇಳಲು ಒಂದು ಪ್ರಶ್ನೆ ಸಿಗುತ್ತದೆ. ರಜೆಯ ಸಾಲೂ ಅಷ್ಟೇ ಮುಖ್ಯ, ಗೈರುಹಾಜರಿ ಆರೋಪಕ್ಕೆ ಅಡ್ಡ ನಿಲ್ಲುವುದು ಅದು.

ಕಳಿಸುವ ರೀತಿ: ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಸೀದಾ ಪೋಸ್ಟ್ ಆಫೀಸಿಗೆ ಹೋಗಿ. 2025ರ ಸೆಪ್ಟೆಂಬರ್ 1ರಿಂದ ಹಳೆಯ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಕೌಂಟರಿನಲ್ಲಿ ‘ಸ್ಪೀಡ್ ಪೋಸ್ಟ್, ರಿಜಿಸ್ಟ್ರೇಶನ್ ಸೇರಿಸಿ’ ಎಂದು ಕೇಳಿ, ತಲುಪಿದ್ದಕ್ಕೆ ಪುರಾವೆಯೂ ಬೇಕು ಎನ್ನಿ. ರಸೀದಿಯನ್ನು ಆ ದಿನವೇ ಜೆರಾಕ್ಸ್ ಮಾಡಿಸಿ. ಆ ತೆಳು ಕಾಗದದ ಮೇಲಿನ ಅಕ್ಷರ ಒಂದು ಮಳೆಗಾಲ ದಾಟುವಷ್ಟರಲ್ಲಿ ಅಳಿಸಿಹೋಗಿರುತ್ತದೆ. ಅದೇ ಕಾಗದವನ್ನು ನಿಮ್ಮ ಸ್ವಂತ ಮೇಲ್‌ನಿಂದಲೂ ಕಳಿಸಿ.

ಇಲ್ಲಿ ಆಗುವ ದೊಡ್ಡ ತಪ್ಪು: ಮನವಿ ಕೊಟ್ಟೆ, ಉತ್ತರ ಬರುವವರೆಗೆ ಮನೆಯಲ್ಲಿರಬಹುದು ಎಂದುಕೊಳ್ಳುವುದು. ಮನವಿ ಕೊಟ್ಟರೆ ಆರ್ಡರ್ ನಿಲ್ಲುವುದಿಲ್ಲ. ಗುಜರಾತ್ ವಿದ್ಯುತ್ ಮಂಡಳಿಯ ಕೇಸಿನಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಆದೇಶ ರದ್ದಾಗದಿದ್ದರೆ, ತಡೆ ಸಿಗದಿದ್ದರೆ, ಹೋಗಿ ಸೇರಬೇಕು. ಸೇರದಿದ್ದರೆ ಶಿಸ್ತುಕ್ರಮ ಆಗುತ್ತದೆ.

ಇನ್ನೊಂದು ತಪ್ಪು, ಪರಿಚಯದ ಡಾಕ್ಟರ್ ಹತ್ತಿರ ಬೆನ್ನುನೋವಿನ ಸರ್ಟಿಫಿಕೇಟ್. ಆರ್ಡರ್ ಬಂದ ಮರುದಿನವೇ ಬರುವ ಬೆನ್ನುನೋವನ್ನು ಯಾರೂ ನಂಬುವುದಿಲ್ಲ. ಕಂಪನಿಯವರು ಮೆಡಿಕಲ್ ಬೋರ್ಡಿಗೆ ಹೋಗಿ ಅಂದರೆ ಮುಗಿಯಿತು. ನಿಜವಾದ ಕಾಯಿಲೆ ಇದ್ದರೆ ಹಳೆಯ ಚೀಟಿ, ಸ್ಕ್ಯಾನ್ ಎಲ್ಲ ಲಗತ್ತಿಸಿ.

## ಹಂತ 5: ಹೋಗಿ ಸೇರಬೇಕಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅದೇ ಕಂಪನಿ, ಸಂಬಳ ಕಡಿಮೆ ಆಗಿಲ್ಲ, ವರ್ಗಾವಣೆ ಕಲಂ ಇದೆ ಎಂದಾದರೆ ಹೋಗಿ ಸೇರಿ, ಅಲ್ಲಿಂದ ತಕರಾರು ಮಾಡಿ. ಸೇರುವ ದಿನ ಒಂದು ಪುಟದ ಕಾಗದ ಕೊಡಿ: ‘ನನ್ನ ಮನವಿ ಬಾಕಿ ಇದೆ. ನನ್ನ ಹಕ್ಕು ಮತ್ತು ತಕರಾರು ಉಳಿಸಿಕೊಂಡು ಇಂದು ಸೇರಿದ್ದೇನೆ.’ ಇದಕ್ಕೆ ಅಂಡರ್ ಪ್ರೊಟೆಸ್ಟ್ ಎನ್ನುತ್ತಾರೆ. ಈ ಕಾಗದ ಕೊಟ್ಟು ಸೇರಿದರೆ ನೀವು ವರ್ಗಾವಣೆ ಒಪ್ಪಿಕೊಂಡಿರಿ ಎನ್ನಲು ಅವರಿಗೆ ಆಗುವುದಿಲ್ಲ. ಬಸ್ ಟಿಕೆಟ್, ರೈಲು ಟಿಕೆಟ್, ಮೊದಲ ದಿನದ ಹಾಜರಾತಿ ಎಲ್ಲ ಫೈಲಿಗೆ.

ಎರಡು-ಮೂರು ತಿಂಗಳು ಅಲ್ಲಿ ರೂಮ್ ಮಾಡಿಕೊಂಡು ಇರುವುದು ಕಷ್ಟ, ಗೊತ್ತು. ಆದರೆ ಸಂಬಳ ಬರುತ್ತಿರುವಾಗ ಮಾಡುವ ಜಗಳವೇ ಬೇರೆ, ಸಂಬಳ ನಿಂತ ಮೇಲೆ ಮಾಡುವ ಜಗಳವೇ ಬೇರೆ. ಅಡಿಕೆ ಕೊಯ್ಲಿಗೆ ಆಳು ಸಿಗಬಹುದು. ನಿಮ್ಮ ಬದಲು ಹಾಜರಿ ಹಾಕಲು ಆಳು ಸಿಗುವುದಿಲ್ಲ.

ಹೋಗದೆ ನಿಲ್ಲಬಹುದಾದ ಸಂದರ್ಭ ಬಹಳ ಕಡಿಮೆ. ಬೇರೆ ಕಂಪನಿಗೆ ಕಳಿಸುತ್ತಿದ್ದಾರೆ, ಹೊಸ ನೇಮಕಾತಿ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ, ಸಂಬಳ ಇಳಿಸಿದ್ದಾರೆ, ನೇಮಕಾತಿ ಪತ್ರದಲ್ಲೇ ಜಾಗ ಬದಲಾಗುವುದಿಲ್ಲ ಎಂದಿದೆ. ಇಂಥ ಕಡೆಯೂ ಕಾರಣವನ್ನು ಬರವಣಿಗೆಯಲ್ಲಿ ಕೊಟ್ಟು, ‘ಶಿವಮೊಗ್ಗದಲ್ಲಿ ಕೆಲಸಕ್ಕೆ ಸಿದ್ಧ’ ಎಂದು ಹೇಳಿ ನಿಲ್ಲಬೇಕು. ಅದಕ್ಕೂ ಮೊದಲು ಕಾರ್ಮಿಕ ವಿಷಯ ನೋಡುವ ವಕೀಲರಿಗೆ ಫೈಲು ತೋರಿಸಿ. ಕುಂದನ್ ಕೇಸಿನವರು ಗೆದ್ದರು ನಿಜ, ಆದರೆ ಟ್ರಿಬ್ಯೂನಲ್ಲಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ರಿಲೀವ್ ಆದ ಮೇಲೆ ದಿನಾ ಹಳೆಯ ಗೇಟಿಗೆ ಹೋಗಿ ನಿಲ್ಲುವವರಿದ್ದಾರೆ. ಸೆಕ್ಯುರಿಟಿಯವನ ಜೊತೆ ಮಾತಿಗೆ ಮಾತು ಬೆಳೆದು, ಅದು ‘ಗೇಟಿನಲ್ಲಿ ಗಲಾಟೆ’ ಎಂದು ಬರೆಯಲ್ಪಡುತ್ತದೆ. ಬೇಡ.

ಹೆರಿಗೆ ರಜೆಯಲ್ಲಿರುವ ಹೆಣ್ಣುಮಕ್ಕಳ ವಿಷಯ ಬೇರೆ. ಆ ರಜೆಯ ಅವಧಿಯಲ್ಲಿ ವಜಾ ಮಾಡುವುದು ಕಾನೂನುಬಾಹಿರ, ಕೆಲಸದ ಷರತ್ತನ್ನು ಅವರಿಗೆ ತೊಂದರೆ ಆಗುವ ಹಾಗೆ ಬದಲಾಯಿಸುವಂತೆಯೂ ಇಲ್ಲ. ಆರ್ಡರ್ ಬಂದರೆ ರಜೆಯ ದಾಖಲೆ ಲಗತ್ತಿಸಿ ಅದನ್ನೇ ಬರೆಯಿರಿ.

## ಹಂತ 6: ಫೈಲು ಕಟ್ಟುತ್ತಿದ್ದಾರೆ ಎಂದು ಗೊತ್ತಾಗುವುದು ಹೇಗೆ

ನಮ್ಮ ಆಫೀಸಿನ ಕ್ರಮ ಹೀಗಿತ್ತು. ಸೇರುವ ದಿನ ದಾಟಿದ ವಾರಕ್ಕೆ ಮೊದಲ ರಿಮೈಂಡರ್. ಇನ್ನೊಂದು ವಾರಕ್ಕೆ ಎರಡನೆಯದು. ಮೂರನೆಯದರಲ್ಲಿ ‘ಕೊನೆಯ ಅವಕಾಶ’ ಎಂಬ ಪದ. ಅದು ಟೈಪ್ ಆಗುವಷ್ಟರಲ್ಲಿ ಚಾರ್ಜ್ ಶೀಟಿನ (ಕಂಪನಿ ಕೊಡುವ ಆರೋಪಪಟ್ಟಿಯ) ಕರಡೂ ಪಕ್ಕದಲ್ಲೇ ಇರುತ್ತಿತ್ತು.

ಹಾಗಾಗಿ ಮೊದಲ ರಿಮೈಂಡರಿಗೇ ಉತ್ತರ ಕೊಡಿ. ಎರಡು ಸಾಲು ಸಾಕು: ‘ಇಂಥ ದಿನದ ನನ್ನ ಮನವಿಗೆ ಉತ್ತರ ಬಂದಿಲ್ಲ, ಪ್ರತಿ ಲಗತ್ತಿಸಿದ್ದೇನೆ.’ ಪ್ರತಿ ರಿಮೈಂಡರಿಗೂ ಇದೇ ರೀತಿ ಉತ್ತರ ಹೋಗಬೇಕು.

ಎಚ್ಚರ ಆಗಬೇಕಾದ ಇನ್ನೂ ಕೆಲವು ಮಾತುಗಳು ಕಾಗದದಲ್ಲಿ ಬರುತ್ತವೆ. ‘ನೀವು ಕೆಲಸವನ್ನು ತೊರೆದಿದ್ದೀರಿ ಎಂದು ಭಾವಿಸಲಾಗುವುದು’ ಎಂದು ಬಂದರೆ ಅದೇ ದಿನ ‘ತೊರೆದಿಲ್ಲ, ಕೆಲಸಕ್ಕೆ ಸಿದ್ಧನಿದ್ದೇನೆ’ ಎಂದು ಬರೆಯಿರಿ. ವಿಚಾರಣೆ ಇಲ್ಲದೆ ಸುಮ್ಮನೆ ಹೆಸರು ತೆಗೆದುಹಾಕುವಂತಿಲ್ಲ. ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ತಾನಾಗಿ ಹೋಗುತ್ತದೆ ಎಂಬ ಸ್ಟ್ಯಾಂಡಿಂಗ್ ಆರ್ಡರ್ ಇದ್ದ ಕೇಸಿನಲ್ಲೂ, ಕೆಲಸಗಾರನ ಮಾತು ಕೇಳದೆ ತೆಗೆದದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು.

ಬಾಯಲ್ಲಿ ಬರುವ ಮಾತು ಇನ್ನೊಂದು: ‘ನೀವೇ ರಾಜೀನಾಮೆ ಕೊಟ್ಬಿಡಿ, ಚೆನ್ನಾಗಿ ಸೆಟ್ಲ್ ಮಾಡ್ತೀವಿ.’ ರಾಜೀನಾಮೆ ಕೊಟ್ಟರೆ ವಜಾ ಎಂಬ ವಿವಾದವೇ ಉಳಿಯುವುದಿಲ್ಲ. ಮೊತ್ತ ಬರವಣಿಗೆಯಲ್ಲಿ ಬರದೆ, ಮನೆಯವರ ಜೊತೆ ಒಂದು ರಾತ್ರಿ ಮಾತಾಡದೆ ಸಹಿ ಹಾಕಬೇಡಿ. ಖಾಲಿ ಕಾಗದಕ್ಕಂತೂ ಖಂಡಿತ ಬೇಡ.

## ಹಂತ 7: ಚಾರ್ಜ್ ಶೀಟ್ ಮತ್ತು ವಿಚಾರಣೆ

ಚಾರ್ಜ್ ಶೀಟಿನಲ್ಲಿ ಉತ್ತರಕ್ಕೆ ಎಷ್ಟು ದಿನ ಎಂದು ಇರುತ್ತದೆ. ಸಾಲದಿದ್ದರೆ ಆ ದಿನಗಳೊಳಗೇ ಸಮಯ ಕೇಳಿ. ಒಂದೊಂದು ಆರೋಪಕ್ಕೂ ಬೇರೆ ಬೇರೆ ಉತ್ತರ ಬರೆಯಿರಿ. ಅವರು ಹೇಳಿದ ದಾಖಲೆಗಳ ಪ್ರತಿ ಕೇಳಿ.

ವಿಚಾರಣೆಗೆ ಹೋಗಲೇಬೇಕು. ‘ಅವರದ್ದೇ ಆಫೀಸರ್, ಅವರಿಗೇ ಬರೀತಾನೆ’ ಎಂದು ಹೋಗದವರು ಬಹಳ. ಹೋಗದಿದ್ದರೆ ನಿಮ್ಮ ಬೆನ್ನಹಿಂದೆ ಎಕ್ಸ್ ಪಾರ್ಟಿ ಎಂದು ಬರೆದು ಒಂದೇ ದಿನಕ್ಕೆ ಮುಗಿಸುತ್ತಾರೆ. ವಿಚಾರಣೆ ಹೊಸ ಊರಿನಲ್ಲಿ ಇಟ್ಟಿದ್ದರೆ ಶಿವಮೊಗ್ಗದಲ್ಲಿ ಇಡಿ, ಅಥವಾ ಬಂದುಹೋಗುವ ಖರ್ಚು ಕೊಡಿ ಎಂದು ಬರೆಯಿರಿ.

ಮೊದಲ ದಿನವೇ ಮೂರು ವಿಷಯ ಬರೆಸಿ. ಜೊತೆಯ ಕೆಲಸಗಾರನೊಬ್ಬನ ಸಹಾಯ ಬೇಕು. ನಡಾವಳಿ ಕನ್ನಡದಲ್ಲಿ ಬೇಕು, ಇಲ್ಲವಾದರೆ ಓದಿ ಹೇಳಿ ಅರ್ಥ ಮಾಡಿಸಬೇಕು. ದಿನದ ಕೊನೆಗೆ ನಡಾವಳಿಯ ಪ್ರತಿ ಕೊಡಬೇಕು. ಒಪ್ಪದಿದ್ದರೆ ‘ಕೇಳಿದೆ, ಒಪ್ಪಲಿಲ್ಲ’ ಎಂದು ನಿಮ್ಮ ಸಹಿಯ ಮೇಲೆ ಕೈಯಲ್ಲಿ ಬರೆಯಿರಿ. ನೀವು ಹೇಳಿದ್ದು ಒಂದು, ಬರೆದದ್ದು ಒಂದು ಇದ್ದರೂ ಹೀಗೇ. ಓದದೆ ಸಹಿ ಬೇಡ.

ಅವರ ಸಾಕ್ಷಿಗೆ ಕೇಳುವ ಪ್ರಶ್ನೆ ಮೊದಲೇ ನೋಟ್‌ಬುಕ್ಕಿನಲ್ಲಿ ಇರಲಿ. ನನ್ನ ಮನವಿ ನಿಮಗೆ ಯಾವತ್ತು ತಲುಪಿತು? ಅದಕ್ಕೆ ಉತ್ತರ ಕೊಟ್ಟಿರಾ? ಹೊಸ ಜಾಗದಲ್ಲಿ ನನ್ನ ಕೆಲಸ ಏನು? ನಾನು ಹೋದ ಮೇಲೆ ನನ್ನ ಮಷಿನ್ ಯಾರು ನಡೆಸುತ್ತಿದ್ದಾರೆ? ಬೇರೆಯವರ ಸಂಬಳ, ಮ್ಯಾನೇಜರನ ನಡತೆ, ಹತ್ತು ವರ್ಷದ ಹಿಂದಿನ ಬೋನಸ್ ಜಗಳ, ಇವನ್ನೆಲ್ಲ ಎಳೆಯಬೇಡಿ.

ವಿಚಾರಣಾ ವರದಿ ಬಂದ ಮೇಲೆ ಅದರ ಪ್ರತಿ ಕೇಳಿ ಪಡೆಯಿರಿ. ಶಿಕ್ಷೆ ಕೊಡುವ ಮೊದಲು ವರದಿ ಕೊಟ್ಟು ನಿಮ್ಮ ಮಾತು ಕೇಳಬೇಕು ಎಂಬುದು ಸುಪ್ರೀಂ ಕೋರ್ಟಿನ 1993ರ ಇನ್ನೊಂದು ತೀರ್ಪು, ಖಾಸಗಿ ಸಂಸ್ಥೆಗೂ ಅದು ಲಾಗೂ. ವರದಿಗೆ ಕೊಡುವ ಉತ್ತರದಲ್ಲಿ ನಿಮ್ಮ ಸೇವೆ ಎಷ್ಟು ವರ್ಷ, ಹಿಂದೆ ಒಂದೂ ಶಿಕ್ಷೆ ಇಲ್ಲ ಎಂಬುದನ್ನು ಬರೆಯಿರಿ. ‘ಈಗಲೂ ಸೇರಲು ಸಿದ್ಧ’ ಎಂದು ಬರೆಯುವ ಕೊನೆಯ ಒಳ್ಳೆಯ ಅವಕಾಶವೂ ಇದೇ. ಕೆಲವು ಕಡೆ ಈ ಹಂತದಲ್ಲಿ ವಜಾ ಬದಲು ಇನ್‌ಕ್ರಿಮೆಂಟ್ ಕಟ್ ಮಾಡಿ ಬಿಟ್ಟದ್ದನ್ನು ನಾನೇ ಟೈಪ್ ಮಾಡಿದ್ದೇನೆ.

## ಹಂತ 8: ವಜಾ ಆದರೆ

ಆ ಕಾಗದವನ್ನೂ ತೆಗೆದುಕೊಳ್ಳಿ. ತಿಂಗಳೊಳಗೆ ಶಿವಮೊಗ್ಗದ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ರಾಜಿ ಸಂಧಾನಕ್ಕೆ ಅರ್ಜಿ ಕೊಡಿ. ಮೊದಲಿನ ಕಾಯ್ದೆಯಲ್ಲಿ ನ್ಯಾಯಾಲಯಕ್ಕೆ ಹೋಗಲು ಮೂರು ವರ್ಷ ಇತ್ತು, ಈಗ ಎರಡು ವರ್ಷ. ಎರಡು ವರ್ಷ ಇದೆಯಲ್ಲ ಎಂದು ಮುಂದೂಡಿದವರಿಗೆ ಆ ಹೊತ್ತಿಗೆ ಸಾಕ್ಷಿ ಹೇಳುವ ಜೊತೆಗಾರರೇ ಸಿಗುವುದಿಲ್ಲ.

ಅರ್ಜಿಯ ಜೊತೆ ಒಂದು ಪುಟದ ದಿನಾಂಕಪಟ್ಟಿ ಇರಲಿ. ಸೇರಿದ ದಿನ, ಆರ್ಡರ್ ದಿನ, ಮನವಿ, ರಿಮೈಂಡರ್, ಉತ್ತರ, ಚಾರ್ಜ್ ಶೀಟ್, ವಿಚಾರಣೆ, ವಜಾ. ಅಧಿಕಾರಿಗೆ ಇಂಥ ಫೈಲು ದಿನಾ ಹತ್ತು ಬರುತ್ತವೆ. ಆ ಒಂದು ಪುಟ ಇದ್ದರೆ ನಿಮ್ಮದನ್ನು ಓದುತ್ತಾರೆ.

ಸಂಧಾನ ಶುರುವಾದ 45 ದಿನದೊಳಗೆ ಮುಗಿಯಬೇಕು. ರಾಜಿ ಆಗದಿದ್ದರೆ ಅಧಿಕಾರಿಯ ವರದಿ ನಿಮಗೆ ಬರುತ್ತದೆ. ಅದು ಕೈಗೆ ಬಂದ 90 ದಿನದೊಳಗೆ ನೀವೇ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ವರದಿ ಬಂದ ದಿನಾಂಕವನ್ನು ಕವರ್ ಮೇಲೆಯೇ ಬರೆದಿಡಿ, ಕವರ್ ಬಿಸಾಡಬೇಡಿ.

ವಿಚಾರಣೆಯಲ್ಲಿ ಲೋಪ ಇದೆ, ಅಲ್ಲಿಗೆ ಗೆದ್ದೆವು ಎಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ವಿಚಾರಣೆ ಬಿದ್ದುಹೋದರೂ ಕಂಪನಿಯವರು ನ್ಯಾಯಮಂಡಳಿಯ ಮುಂದೆಯೇ ಆರೋಪ ಹೊಸದಾಗಿ ಸಾಬೀತು ಮಾಡಲು ಅವಕಾಶ ಕೇಳಬಹುದು. ಹಾಗೆಯೇ ಆರೋಪ ನಿಜ ಎಂದಾದರೂ, ವಜಾ ಅತಿಯಾಯಿತು ಎನ್ನಿಸಿದರೆ ಶಿಕ್ಷೆ ಕಡಿಮೆ ಮಾಡುವ ಅಧಿಕಾರ ನ್ಯಾಯಮಂಡಳಿಗಿದೆ. ನೀವು ಸಿಟ್ಟಿಲ್ಲದೆ ಬರೆದ ಕಾಗದಗಳು ಕೆಲಸಕ್ಕೆ ಬರುವುದು ಆಗ.

ಹಿಂದಿನ ಸಂಬಳ ಬೇಕು ಎಂದರೆ, ವಜಾ ಆದ ಮೇಲೆ ಬೇರೆ ಸಂಬಳದ ಕೆಲಸ ಇರಲಿಲ್ಲ ಎಂದು ನೀವೇ ಹೇಳಬೇಕು. ಕೆಲಸ ಹುಡುಕಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಮಲೆನಾಡಿನವರಿಗೆ ಪಾಟೀಸವಾಲಿನಲ್ಲಿ ತೋಟದ ಪ್ರಶ್ನೆ ಬಂದೇ ಬರುತ್ತದೆ: ಎಷ್ಟು ಎಕರೆ, ಯಾರ ಹೆಸರಿನಲ್ಲಿದೆ, ಎಷ್ಟು ಕ್ವಿಂಟಲ್ ಆಗುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿ. ಪಹಣಿ ಅವರ ಕೈಗೂ ಸಿಗುತ್ತದೆ.

ವಕೀಲರಿಗೆ ಹಣ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೈಗಾರಿಕಾ ಕಾರ್ಮಿಕರು ಮತ್ತು ಮಹಿಳೆಯರು ಉಚಿತ ವಕೀಲರಿಗೆ ಅರ್ಹರು. ಸಹಾಯವಾಣಿ 15100.

## ಹಂತ 9: ಬರಬೇಕಾದ ಹಣ ಬಿಡಬೇಡಿ

ವಜಾ ಆದವನಿಗೆ ಏನೂ ಸಿಗಲ್ಲ ಎಂಬ ಮಾತು ಸುಳ್ಳು. ಕೆಲಸ ಮಾಡಿದ ದಿನಗಳ ಸಂಬಳ ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. ಪಿಎಫ್ ನಿಮ್ಮದೇ ಹಣ, ಅದನ್ನು ಮುಟ್ಟುವಂತಿಲ್ಲ.

ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೊನೆಗೆ ಬರುವ ಹಣ, ಇದರ ವಿಷಯದಲ್ಲಿ ಮೋಸ ಹೋಗುವವರು ಜಾಸ್ತಿ. ಐದು ವರ್ಷ ಸೇವೆ ಆಗಿದ್ದರೆ ವಜಾ ಆದವರಿಗೂ ಬರುತ್ತದೆ. ತಡೆಹಿಡಿಯಬಹುದಾದ ಕಾರಣ ಕೆಲವೇ: ಬೇಕೆಂದೇ ಆಸ್ತಿಗೆ ನಷ್ಟ ಮಾಡಿದ್ದು (ಅದೂ ಆ ನಷ್ಟದ ಮೊತ್ತದಷ್ಟು), ಹೊಡೆದಾಟ-ದಾಂಧಲೆ, ಕೆಲಸದ ವೇಳೆ ಮಾಡಿದ ನೈತಿಕ ಅಧಃಪತನದ ಅಪರಾಧ. ವರ್ಗಾವಣೆಗೆ ಹೋಗಲಿಲ್ಲ ಎಂಬುದು ಈ ಪಟ್ಟಿಯಲ್ಲಿಲ್ಲ.

ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷದಿಂದ ಗುಣಿಸಿ. ₹18,200 ಇದ್ದರೆ ವರ್ಷಕ್ಕೆ ₹10,500, ಒಂಬತ್ತು ವರ್ಷಕ್ಕೆ ₹94,500. ಕೋಣಂದೂರಿನ ಹುಡುಗ ಇದನ್ನು ಕೇಳಿಯೇ ಇರಲಿಲ್ಲ. ಕೇಳಬಹುದು ಎಂದೇ ಅವನಿಗೆ ಗೊತ್ತಿರಲಿಲ್ಲ.

ಅರ್ಜಿಯನ್ನು ಬರವಣಿಗೆಯಲ್ಲಿ ಕೊಡಿ, ಸೀಲು ಹಾಕಿಸಿಕೊಳ್ಳಿ. 30 ದಿನದೊಳಗೆ ಹಣ ಬರಬೇಕು. ಬರದಿದ್ದರೆ ದೂರನ್ನು ಕಾರ್ಮಿಕ ಇಲಾಖೆಯಲ್ಲೇ ಗ್ರಾಚ್ಯುಟಿ ನೋಡುವ ಅಧಿಕಾರಿಗೆ ಕೊಡಬೇಕು. ಹಣ ಕೊಡುವಾಗ ‘ಎಲ್ಲ ಬಾಕಿ ತೀರಿದೆ, ಇನ್ನು ಯಾವುದೇ ತಕರಾರಿಲ್ಲ’ ಎಂಬ ವೋಚರಿಗೆ ಸಹಿ ಕೇಳುತ್ತಾರೆ. ಅದರ ಮೇಲೆ ‘ವಜಾ ವಿರುದ್ಧದ ನನ್ನ ವಿವಾದಕ್ಕೆ ಧಕ್ಕೆ ಇಲ್ಲದಂತೆ’ ಎಂದು ಬರೆದು ಆಮೇಲೆ ಸಹಿ ಹಾಕಿ. ವೋಚರಿನಲ್ಲಿ ಬರೆಯಲು ಬಿಡದಿದ್ದರೆ ಅಲ್ಲಿಂದ ಸೀದಾ ಪೋಸ್ಟ್ ಆಫೀಸಿಗೆ ಹೋಗಿ ಅದೇ ಸಾಲನ್ನು ಅವರಿಗೆ ಸ್ಪೀಡ್ ಪೋಸ್ಟ್ ಮಾಡಿ, ಅದೇ ತಾರೀಖಿನಲ್ಲಿ.